ಜರ್ಮನಿಗೆ ಹತ್ತು ದಿನದ ವ್ಯವಹಾರ ಪ್ರವಾಸ: ಪ್ರವೇಶದ ಷರತ್ತುಗಳು ಮತ್ತು ಕಾಗದಪತ್ರಗಳು

(ಬೆಳಗಾವಿಯಲ್ಲಿ ಸಣ್ಣ ಕೈಗಾರಿಕೋದ್ಯಮಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯರೇ,

ಭಾರತದ ಪಾಸ್‌ಪೋರ್ಟ್ ಹೊಂದಿರುವ ಉದ್ಯಮಿಯೊಬ್ಬರು ವ್ಯವಹಾರದ ಸಲುವಾಗಿ ಒಂದೆರಡು ವಾರ ಜರ್ಮನಿಗೆ ಹೋಗಿಬರಬೇಕಾದರೆ ಆ ದೇಶ ಏನೇನನ್ನು ಕೇಳುತ್ತದೆ, ಏಕೆ ಕೇಳುತ್ತದೆ ಎಂಬುದಷ್ಟೇ ಇಂದಿನ ವಿಷಯ. ಜರ್ಮನಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾದುದು. ಎರಕದ ಉದ್ಯಮದವರಿಗೆ ಡ್ಯೂಸೆಲ್‌ಡಾರ್ಫ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗೀಫಾ ಮೇಳ, ಯಂತ್ರೋಪಕರಣದವರಿಗೆ ಹ್ಯಾನೋವರ್‌ನ ಮೇಳಗಳು, ವಾಹನಗಳ ಬಿಡಿಭಾಗ ತಯಾರಿಸುವವರಿಗೆ ಫ್ರಾಂಕ್‌ಫರ್ಟ್‌ನ ಆಟೋಮೆಕಾನಿಕಾ, ಹೀಗೆ ನಮ್ಮ ಭಾಗದ ಕೈಗಾರಿಕೆಗಳಿಗೆ ಬೇಕಾದ ಮಾರುಕಟ್ಟೆಯ ಬಾಗಿಲುಗಳು ಆ ದೇಶದಲ್ಲಿ ಹೆಚ್ಚು. ಕಳೆದ ಗೀಫಾ 2023ರಲ್ಲಿ ನಡೆಯಿತು, ಮುಂದಿನದು 2027ರಲ್ಲಿ. ಈ ಸಭೆಯಲ್ಲಿರುವ ಕೆಲವರಾದರೂ ಆಗ ಅಲ್ಲಿರಬೇಕೆಂದು ಈಗಲೇ ಯೋಚಿಸುತ್ತಿರಬಹುದು. ನಾವು ಕಳುಹಿಸುವ ಸರಕು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮತ್ತು ಶಿಪ್ಪಿಂಗ್ ಬಿಲ್‌ಗಳ ಬಲದಿಂದ ಗಡಿ ದಾಟುತ್ತದೆ. ಆ ಸರಕನ್ನು ತಯಾರಿಸಿದ ಮನುಷ್ಯ ಗಡಿ ದಾಟುವಾಗ ಮಾತ್ರ ಅವನು ಏನು ಮಾಡಲು ಬರುತ್ತಿದ್ದಾನೆ, ಅವನ ಖರ್ಚು ಯಾರದು, ಕೆಲಸ ಮುಗಿದ ಮೇಲೆ ಹಿಂದಿರುಗುತ್ತಾನೆಯೇ ಎಂಬ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೊಡಬೇಕಾಗುತ್ತದೆ. ಕೇಳುವ ದಾಖಲೆಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಅದರಲ್ಲಿನ ಪ್ರತಿಯೊಂದು ಕಾಗದವೂ ಈ ಮೂರರಲ್ಲಿ ಒಂದು ಪ್ರಶ್ನೆಯ ಉತ್ತರವೇ ಆಗಿರುತ್ತದೆ. ಇದು ಮನಸ್ಸಿನಲ್ಲಿದ್ದರೆ ಯಾವ ಕಾಗದ ಏಕೆ ಬೇಕು ಎಂಬ ಗೊಂದಲ ಬಹುಪಾಲು ಕಡಿಮೆಯಾಗುತ್ತದೆ.

ಜರ್ಮನಿಗೆ ಅಲ್ಪಾವಧಿಗೆ ಹೋಗುವವರು ಪಡೆಯುವುದು ಶೆಂಗೆನ್ ವೀಸಾ. ಶೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಂಡೆಯ ಮೇಲಿರುವ, ದ್ರಾಕ್ಷಿ ತೋಟಗಳಿಂದ ಸುತ್ತುವರಿದ ಒಂದು ಪುಟ್ಟ ಹಳ್ಳಿ. 1985ರ ಜೂನ್ 14ರಂದು ಬೆಲ್ಜಿಯಂ, ಫ್ರಾನ್ಸ್, ಆಗಿನ ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್ ಮತ್ತು ನೆದರ್‌ಲೆಂಡ್ಸ್ ದೇಶಗಳ ಪ್ರತಿನಿಧಿಗಳು ಅಲ್ಲಿ ನದಿಯ ಮೇಲಿನ ಹಡಗೊಂದರಲ್ಲಿ ಕುಳಿತು ತಮ್ಮ ನಡುವಿನ ಗಡಿ ತಪಾಸಣೆಗಳನ್ನು ಕ್ರಮೇಣ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ಐದು ದೇಶಗಳಿಂದ ಆರಂಭವಾದ ಆ ವಲಯದಲ್ಲಿ ಈಗ 29 ದೇಶಗಳಿವೆ. ಬಲ್ಗೇರಿಯ ಮತ್ತು ರೊಮೇನಿಯಗಳ ಭೂಗಡಿಗಳ ತಪಾಸಣೆ 2025ರ ಜನವರಿ 1ರಂದು ಕೊನೆಗೊಂಡಿತು. ಸ್ವಿಟ್ಜರ್‌ಲೆಂಡ್ ಮತ್ತು ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ವಲಯದಲ್ಲಿವೆ; ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಈ ವಲಯದಲ್ಲಿಲ್ಲ. ಬ್ರಿಟನ್ ಎಂದೂ ಇದರೊಳಗೆ ಬಂದಿರಲಿಲ್ಲ. ಆದ್ದರಿಂದ ಹ್ಯಾನೋವರ್ ಮೇಳ ಮುಗಿಸಿ ಬರುವಾಗ ಬರ್ಮಿಂಗ್‌ಹ್ಯಾಮ್‌ನ ಖರೀದಿದಾರರನ್ನೂ ಕಂಡು ಬರುತ್ತೇನೆ ಎನ್ನುವವರು ಬ್ರಿಟನ್ನಿನ ವೀಸಾವನ್ನು ಬೇರೆಯಾಗಿಯೇ ಪಡೆಯಬೇಕು.

ಇನ್ನು ಮುಖ್ಯ ವಿಷಯ. ವ್ಯವಹಾರದ ಪ್ರವಾಸ ಎಂದರೆ ಏನು, ಕೆಲಸ ಎಂದರೆ ಏನು? ನಮ್ಮ ಮಾತಿನಲ್ಲಿ ಎರಡನ್ನೂ ‘ಕೆಲಸದ ಮೇಲೆ ಹೋಗಿದ್ದೆ’ ಎಂದೇ ಹೇಳುತ್ತೇವೆ, ಆದರೆ ಜರ್ಮನ್ ಕಾನೂನು ಇವೆರಡರ ನಡುವೆ ಗಟ್ಟಿಯಾದ ಗೆರೆ ಎಳೆಯುತ್ತದೆ. ಆ ದೇಶದ ಉದ್ಯೋಗ ನಿಯಮಾವಳಿಯ 16ನೆಯ ಕಲಮು ವ್ಯವಹಾರ ಪ್ರವಾಸಿ ಯಾರೆಂಬುದನ್ನು ವಿವರಿಸುತ್ತದೆ. ವಿದೇಶಿ ಸಂಸ್ಥೆಯ ಪರವಾಗಿ ಬಂದು ಮಾತುಕತೆ ನಡೆಸುವವರು, ಒಪ್ಪಂದದ ಪ್ರಸ್ತಾವಗಳನ್ನು ಸಿದ್ಧಪಡಿಸುವವರು, ಒಪ್ಪಂದಕ್ಕೆ ಸಹಿ ಹಾಕುವವರು, ಆಗಿರುವ ಒಪ್ಪಂದ ಸರಿಯಾಗಿ ಜಾರಿಯಾಗುತ್ತಿದೆಯೇ ಎಂದು ಮೇಲ್ವಿಚಾರಣೆ ನಡೆಸುವವರು, ತಮ್ಮ ಕಂಪನಿಗಾಗಿ ಅಲ್ಲಿ ಒಂದು ಶಾಖೆಯನ್ನು ಸ್ಥಾಪಿಸಲು ಅಥವಾ ಇರುವ ಶಾಖೆಯನ್ನು ಪರಿಶೀಲಿಸಲು ಬರುವವರು ಈ ಗುಂಪಿಗೆ ಸೇರುತ್ತಾರೆ. ಯಾವುದೇ 180 ದಿನಗಳಲ್ಲಿ 90 ದಿನಗಳ ಮಿತಿಯೊಳಗೆ ಅವರು ಮಾಡುವುದನ್ನು ಕಾನೂನು ಉದ್ಯೋಗವೆಂದು ಎಣಿಸುವುದಿಲ್ಲ. ಎರಕದ ಗುಣಮಟ್ಟದ ಬಗ್ಗೆ ಖರೀದಿದಾರರ ಎಂಜಿನಿಯರುಗಳೊಡನೆ ಚರ್ಚಿಸುವುದು, ಡ್ರಾಯಿಂಗ್ ನೋಡಿ ದರ ಕುದುರಿಸುವುದು, ಮೇಳದಲ್ಲಿ ಹೊಸ ಗ್ರಾಹಕರನ್ನು ಹುಡುಕುವುದು ಇವೆಲ್ಲವೂ ಈ ಗೆರೆಯ ಈಚೆಗೇ ಇವೆ. ಖರೀದಿದಾರರ ಶಾಪ್ ಫ್ಲೋರ್‌ನಲ್ಲಿ ನಿಂತು ಅವರ ಕಾರ್ಮಿಕರು ಮಾಡಬೇಕಾದುದನ್ನು ನೀವು ಮಾಡಿಕೊಟ್ಟರೆ, ಸಂಬಳವನ್ನು ಭಾರತದಲ್ಲಿಯೇ ಪಡೆಯುತ್ತಿದ್ದರೂ ಅದು ಉದ್ಯೋಗವಾಗಬಹುದು. ಹಣ ಎಲ್ಲಿ ಸಂದಾಯವಾಯಿತು ಎಂಬುದರ ಮೇಲೆ ಇದು ನಿರ್ಧಾರವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಅದು ತಪ್ಪು.

ಯಂತ್ರಗಳನ್ನು ರಫ್ತು ಮಾಡುವವರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮಾರಿದ ಯಂತ್ರವನ್ನು ಅಲ್ಲಿ ಜೋಡಿಸಿ, ಚಾಲೂ ಮಾಡಿ, ನಡೆಸುವ ಕ್ರಮವನ್ನು ಕಲಿಸಿಕೊಟ್ಟು ಬರಲು ನಿಮ್ಮ ಫಿಟ್ಟರ್ ಅಥವಾ ಸರ್ವಿಸ್ ಎಂಜಿನಿಯರನ್ನು ಕಳುಹಿಸುತ್ತೀರಿ. ಅವರು ಮಾತುಕತೆಗೆ ಹೋಗುತ್ತಿಲ್ಲ, ಕೈಯಿಂದ ಕೆಲಸ ಮಾಡಲು ಹೋಗುತ್ತಿದ್ದಾರೆ. ಇಂಥವರಿಗಾಗಿ ಅದೇ ನಿಯಮಾವಳಿಯ 19ನೆಯ ಕಲಮಿನಲ್ಲಿ ಪ್ರತ್ಯೇಕ ಅವಕಾಶವಿದೆ: ವಿದೇಶದ ತಯಾರಕರಿಂದ ವ್ಯಾಪಾರೋದ್ದೇಶಕ್ಕೆ ಖರೀದಿಸಿದ ಯಂತ್ರ ಅಥವಾ ತಂತ್ರಾಂಶವನ್ನು ಅಳವಡಿಸಲು, ದುರಸ್ತಿ ಮಾಡಲು, ತರಬೇತಿ ನೀಡಲು ಆ ತಯಾರಕರ ನೌಕರರು 12 ತಿಂಗಳಲ್ಲಿ 90 ದಿನಗಳವರೆಗೆ ಹೋಗಬಹುದು, ಆದರೆ ಕೆಲಸ ಆರಂಭಿಸುವ ಮೊದಲು ಜರ್ಮನಿಯ ಉದ್ಯೋಗ ಇಲಾಖೆಗೆ ಅದನ್ನು ತಿಳಿಸಬೇಕು. ಅರ್ಜಿಯಲ್ಲಿ ‘ಬಿಸಿನೆಸ್ ಮೀಟಿಂಗ್’ ಎಂದು ಬರೆದು, ಕೈಚೀಲದಲ್ಲಿ ಟೂಲ್ ಕಿಟ್ ಇಟ್ಟುಕೊಂಡು ಹೋಗುವ ಫಿಟ್ಟರ್ ವಿಮಾನ ನಿಲ್ದಾಣದಲ್ಲಿಯೇ ಪ್ರಶ್ನೆಗೆ ಗುರಿಯಾಗುತ್ತಾನೆ. ಅವನಿಗೆ ಆ ಸ್ಥಿತಿ ತಂದವರು ಅರ್ಜಿ ತುಂಬಿಸಿದ ಮಾಲೀಕರು, ಅವನಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿಯೂ ಇದೇ ತೊಡಕು ಬೇರೆ ರೂಪದಲ್ಲಿದೆ. ಗ್ರಾಹಕರ ಕಚೇರಿಯಲ್ಲಿ ಎರಡು ದಿನ ಕುಳಿತು ಅವರ ಅಗತ್ಯಗಳನ್ನು ಕೇಳಿ ತಿಳಿದುಕೊಳ್ಳುವುದು ವ್ಯವಹಾರದ ಭೇಟಿ. ಅದೇ ಕಚೇರಿಯಲ್ಲಿ ಎರಡು ತಿಂಗಳು ಕುಳಿತು ಅವರ ತಂಡದ ಒಬ್ಬ ಸದಸ್ಯನಂತೆ ಕೋಡ್ ಬರೆಯುವುದು ಉದ್ಯೋಗ. ಎರಡನೆಯದಕ್ಕೆ ಬೇರೆ ಪರವಾನಗಿಗಳಿವೆ. ಒಂದೇ ಸಮೂಹದ ಕಂಪನಿಗಳೊಳಗೆ ವರ್ಗಾವಣೆಯಾಗಿ ಹೋಗುವವರಿಗೆ 2017ರ ಆಗಸ್ಟ್‌ನಿಂದ ಜರ್ಮನಿ ಐಸಿಟಿ ಕಾರ್ಡ್ ಕೊಡುತ್ತಿದೆ. ಅವಸರದಲ್ಲಿ ಸುಲಭದ ವೀಸಾ ಪಡೆದು ಕಷ್ಟದ ಕೆಲಸಕ್ಕೆ ಕಳುಹಿಸುವ ರೂಢಿಯನ್ನು ಜಾಣತನವೆಂದು ಕರೆಯುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ಸಿಕ್ಕಿಬಿದ್ದಾಗ ಪಾಸ್‌ಪೋರ್ಟಿನ ಮೇಲೆ ಕಲೆ ಉಳಿಯುವುದು ಕಂಪನಿಗಲ್ಲ, ನೌಕರನಿಗೆ.

ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕು ಎಂಬ ಪ್ರಶ್ನೆಗೆ ಶೆಂಗೆನ್ ವೀಸಾ ಸಂಹಿತೆಯ ಉತ್ತರ ಸ್ಪಷ್ಟವಾಗಿದೆ. ಪ್ರವಾಸದ ಮುಖ್ಯ ಗುರಿ ಯಾವ ದೇಶವೋ, ಅಂದರೆ ಉದ್ದೇಶದಿಂದಲೋ ತಂಗುವ ದಿನಗಳಿಂದಲೋ ಯಾವುದು ಪ್ರಧಾನವೋ, ಆ ದೇಶಕ್ಕೆ ಸಲ್ಲಿಸಬೇಕು. ಅದನ್ನು ನಿರ್ಣಯಿಸಲು ಸಾಧ್ಯವೇ ಇಲ್ಲದಾಗ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ. ಡ್ಯೂಸೆಲ್‌ಡಾರ್ಫ್ ನೆದರ್‌ಲೆಂಡ್ಸ್ ಗಡಿಗೆ ಬಹಳ ಹತ್ತಿರವಿರುವುದರಿಂದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ರೈಲಿನಲ್ಲಿ ಮೇಳಕ್ಕೆ ಹೋಗುವವರು ಅನೇಕರಿದ್ದಾರೆ. ಇದರಲ್ಲಿ ದೋಷವಿಲ್ಲ, ಆದರೆ ಐದು ದಿನ ಮೇಳದಲ್ಲಿದ್ದು ಒಂದು ದಿನ ಆಮ್‌ಸ್ಟರ್‌ಡ್ಯಾಮ್ ನೋಡುವವರ ಅರ್ಜಿ ಜರ್ಮನಿಗೇ ಸೇರಬೇಕು. ಜರ್ಮನಿಯ ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗುತ್ತದೆ, ಇನ್ನೊಂದು ದೇಶದ್ದು ನಾಳೆಯೇ ಸಿಗುತ್ತದೆ ಎಂದು ಟ್ರಾವೆಲ್ ಏಜೆಂಟರು ತೋರಿಸುವ ಅಡ್ಡದಾರಿಯನ್ನು ಹಿಡಿಯಬೇಡಿ. ಒಂದು ದೇಶದ ವೀಸಾ ಪಡೆದು ಆ ದೇಶಕ್ಕೆ ಕಾಲಿಡದೆ ಇಡೀ ಪ್ರವಾಸವನ್ನು ಮತ್ತೊಂದರಲ್ಲಿ ಕಳೆದರೆ, ಮುಂದಿನ ಅರ್ಜಿಯ ಹೊತ್ತಿಗೆ ಅದು ನಿಮ್ಮ ವಿರುದ್ಧವೇ ಮಾತನಾಡುತ್ತದೆ.

ದಾಖಲೆಗಳಲ್ಲಿ ಹೆಚ್ಚು ತೂಕವುಳ್ಳದ್ದು ಆಹ್ವಾನ ಪತ್ರ. ಅದನ್ನು ಬರೆಯುವವರು ಜರ್ಮನಿಯ ಖರೀದಿದಾರರು. ಅವರು ವ್ಯವಹಾರದಲ್ಲಿ ಎಷ್ಟೇ ಶಿಸ್ತಿನವರಾಗಿದ್ದರೂ ವೀಸಾದ ಅಗತ್ಯವೇ ಇಲ್ಲದೆ ಜಗತ್ತನ್ನು ಸುತ್ತುವ ಜನವಾದ್ದರಿಂದ ಈ ಪತ್ರದಲ್ಲಿ ಏನಿರಬೇಕೆಂಬ ಕಲ್ಪನೆ ಅವರಿಗೆ ಇರುವುದಿಲ್ಲ. ‘ನಿಮ್ಮನ್ನು ಭೇಟಿಯಾಗಲು ಸಂತೋಷವಾಗುತ್ತದೆ’ ಎಂಬ ಎರಡು ಸಾಲಿನ ಇಮೇಲ್ ಕಳುಹಿಸಿ ತಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾರೆ. ಆದ್ದರಿಂದ ಬೇಕಾದ ವಿವರಗಳನ್ನು ನೀವೇ ಬರೆದು ಕಳುಹಿಸುವುದರಲ್ಲಿ ಸಂಕೋಚ ಬೇಡ. ಪತ್ರ ಅವರ ಕಂಪನಿಯ ಲೆಟರ್‌ಹೆಡ್ ಮೇಲಿರಬೇಕು. ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು, ಪಾಸ್‌ಪೋರ್ಟ್ ಸಂಖ್ಯೆ ಮತ್ತು ಹುದ್ದೆ ನಮೂದಾಗಿರಬೇಕು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಊರಿನ ಯಾವ ವಿಳಾಸದಲ್ಲಿ, ಏನನ್ನು ಚರ್ಚಿಸಲು ಬರುತ್ತಿದ್ದೀರಿ, ಎರಡೂ ಕಂಪನಿಗಳ ನಡುವೆ ಎಷ್ಟು ಕಾಲದಿಂದ ಯಾವ ಬಗೆಯ ವ್ಯವಹಾರವಿದೆ, ವಿಮಾನ, ವಸತಿ ಮತ್ತು ಊಟದ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದೆಲ್ಲ ಬಿಡಿಸಿ ಹೇಳಿರಬೇಕು. ಸಹಿ ಮಾಡಿದವರ ಹೆಸರು, ಹುದ್ದೆ ಮತ್ತು ದೂರವಾಣಿ ಸಂಖ್ಯೆ ಓದುವಂತಿರಬೇಕು, ಏಕೆಂದರೆ ಅಧಿಕಾರಿಗಳು ಅವರನ್ನು ಸಂಪರ್ಕಿಸಿ ವಿಚಾರಿಸಬಹುದು; ಆಗ ಅವರು ‘ಯಾರು, ನೆನಪಿಲ್ಲವಲ್ಲ’ ಎಂದುಬಿಟ್ಟರೆ ನಿಮ್ಮ ಕಡತ ಅಲ್ಲಿಗೇ ಮುಗಿಯಿತು. ಖರ್ಚನ್ನು ಆಹ್ವಾನಿಸಿದವರೇ ಹೊರುವುದಾದರೆ ಬರೀ ಮಾತು ಸಾಲದೆ ಹೋಗಬಹುದು. ಅವರು ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ಜರ್ಮನಿಯ ನಿವಾಸ ಕಾಯ್ದೆಯ 66ರಿಂದ 68ನೆಯ ಕಲಮುಗಳಂತೆ ಔಪಚಾರಿಕ ಹೊಣೆಪತ್ರವನ್ನು ಬರೆದುಕೊಡುವ ಕ್ರಮ ಆ ದೇಶದಲ್ಲಿದೆ.

ಮೇಳಕ್ಕೆ ಹೋಗುವವರಲ್ಲಿ ಎರಡು ಬಗೆ. ಮಳಿಗೆ ಹಾಕುವವರು ಮೇಳದ ಸಂಘಟಕರ ದೃಢೀಕರಣ ಪತ್ರವನ್ನೂ ಜಾಗದ ಬಾಡಿಗೆ ಪಾವತಿಸಿದ ರಸೀದಿಯನ್ನೂ ಲಗತ್ತಿಸಬೇಕು. ನೋಡಲು ಹೋಗುವವರಿಗೆ ಪ್ರವೇಶದ ಟಿಕೆಟ್ ಬೇಕು, ಆದರೆ ಟಿಕೆಟನ್ನು ಹಣ ಕೊಟ್ಟ ಯಾರಾದರೂ ಪಡೆಯಬಹುದಾದ್ದರಿಂದ ಅದೊಂದೇ ಬಲವಾದ ಸಾಕ್ಷ್ಯವಾಗುವುದಿಲ್ಲ. ಮೇಳದಲ್ಲಿ ಭೇಟಿಯಾಗಲು ಗೊತ್ತುಪಡಿಸಿಕೊಂಡ ಒಂದೆರಡು ಕಂಪನಿಗಳ ಇಮೇಲ್‌ಗಳು ಜೊತೆಗಿದ್ದರೆ ಒಳ್ಳೆಯದು. ಅರ್ಜಿದಾರರು ತಾವೇ ಬರೆಯುವ ಕವರಿಂಗ್ ಲೆಟರ್ ಈ ಎಲ್ಲವನ್ನೂ ಜೋಡಿಸುವ ಕಾಗದ. ದಿನದಿನದ ಕಾರ್ಯಕ್ರಮವನ್ನು ಅದರಲ್ಲಿ ಬರೆಯಿರಿ: ಇಂಥ ದಿನ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವುದು, ಇಂಥ ದಿನ ಸ್ಟುಟ್‌ಗಾರ್ಟ್‌ನ ಕಾರ್ಖಾನೆ, ಇಂಥ ದಿನ ಹಿಂದಿರುಗುವುದು. ಆಹ್ವಾನ ಪತ್ರದಲ್ಲಿ ಐದು ದಿನ, ಹೋಟೆಲ್ ಬುಕಿಂಗ್‌ನಲ್ಲಿ ಒಂಬತ್ತು ದಿನ, ವಿಮೆಯಲ್ಲಿ ಏಳು ದಿನ ಎಂದಿದ್ದರೆ ಓದುವವರಿಗೆ ಸಹಜವಾಗಿಯೇ ಅನುಮಾನ ಬರುತ್ತದೆ. ಉಳಿದ ನಾಲ್ಕು ದಿನ ಊರು ನೋಡುತ್ತೇನೆಂದು ಬರೆದರೆ ಅಪರಾಧವೇನೂ ಅಲ್ಲ. ಬರೆಯದೆ ಬಿಟ್ಟರೆ ಆ ನಾಲ್ಕು ದಿನ ದೊಡ್ಡದಾಗಿ ಕಾಣುತ್ತವೆ. ಅರ್ಜಿ ಕೇಂದ್ರದ ಕೌಂಟರಿನಲ್ಲಿ ಕಾಗದ ತೆಗೆದುಕೊಳ್ಳುವವರು ವೀಸಾ ತೀರ್ಮಾನಿಸುವವರಲ್ಲ. ತೀರ್ಮಾನಿಸುವ ಕಾನ್ಸುಲೇಟಿನ ಅಧಿಕಾರಿ ಸಂದರ್ಶನಕ್ಕೆ ಕರೆಯದಿದ್ದರೆ ನಿಮ್ಮ ಮುಖವನ್ನು ನೋಡುವುದೇ ಇಲ್ಲ. ಅವರಿಗೆ ಕಾಣುವುದು ಕಡತ ಮಾತ್ರ. ಬಾಯಿಮಾತಿನಲ್ಲಿ ವಿವರಿಸಿ ಸರಿಪಡಿಸಿಕೊಳ್ಳುವ ಅವಕಾಶ ಇರುವುದಿಲ್ಲವಾದ್ದರಿಂದ ಎಲ್ಲ ಕಾಗದಗಳೂ ಒಂದೇ ಮಾತನ್ನು ಹೇಳಬೇಕು. ಸಲ್ಲಿಸಿದ ಮರುದಿನವೇ ರದ್ದಾಗುವ ಹೋಟೆಲ್ ಬುಕಿಂಗ್‌ಗಳನ್ನು ಒದಗಿಸುವ ಏಜೆಂಟರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಹೋಟೆಲಿಗೆ ಒಂದು ಫೋನ್ ಮಾಡಿದರೆ ಗುಟ್ಟು ಬಯಲಾಗುತ್ತದೆ.

ಮೂರನೆಯ ಪ್ರಶ್ನೆಯಾದ ಹಿಂದಿರುಗುವಿಕೆಗೆ ಉತ್ತರ ಕೊಡುವುದು ನಮ್ಮ ಕಡೆಯ ದಾಖಲೆಗಳು. ಕಂಪನಿಯ ನೋಂದಣಿ ಅಥವಾ ಪಾಲುದಾರಿಕೆ ಪತ್ರ, ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿ, ರಫ್ತುದಾರರ ಐಇಸಿ ಸಂಖ್ಯೆ, ಆದಾಯ ತೆರಿಗೆ ವಿವರಣೆಗಳು, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ನೌಕರರಾದರೆ ಸಂಬಳದ ಚೀಟಿ ಮತ್ತು ಕಂಪನಿ ಕಳುಹಿಸುತ್ತಿದೆ ಎಂಬ ಪತ್ರ. ಇಲ್ಲಿ ನಿಮ್ಮ ಜೀವನೋಪಾಯವಿದೆ, ಅದನ್ನು ಬಿಟ್ಟು ಅಲ್ಲಿ ಉಳಿಯುವ ಕಾರಣವಿಲ್ಲ ಎಂಬುದನ್ನು ಇವು ತೋರಿಸಬೇಕು. ಅರ್ಜಿ ಸಲ್ಲಿಸುವ ಹಿಂದಿನ ವಾರ ಬಂಧುಗಳಿಂದ ತಂದು ಖಾತೆಗೆ ಹಾಕಿದ ಐದು ಲಕ್ಷ ರೂಪಾಯಿಗಿಂತ, ತಿಂಗಳು ತಿಂಗಳು ಬಂದು ಹೋಗುವ ಸಾಧಾರಣ ಮೊತ್ತಗಳು ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಈಗಾಗಲೇ ರಫ್ತು ಮಾಡುತ್ತಿರುವವರು ಒಂದೆರಡು ಪರ್ಚೇಸ್ ಆರ್ಡರ್ ಮತ್ತು ಶಿಪ್ಪಿಂಗ್ ಬಿಲ್‌ಗಳ ಪ್ರತಿಗಳನ್ನು ಸೇರಿಸಲಿ. ಆಹ್ವಾನ ಪತ್ರದಲ್ಲಿ ಬರೆದಿರುವ ವ್ಯವಹಾರ ನಿಜವೆಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಪುರಾವೆ ಬೇರೆ ಇಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ರಾಜ್ಯದವರಿಗೆ ಒಂದು ವಿಶಿಷ್ಟ ತೊಂದರೆಯಿದೆ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಮೂರನ್ನೂ ಬರೆಯುವ ಪದ್ಧತಿಯಿದೆ. ಮೈಸೂರು ಭಾಗದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ಒಂದೇ ಹೆಸರನ್ನು ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಅಕ್ಷರಗಳನ್ನು ಬಿಡಿಸಿ ಬರೆದು, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇದ್ದು, ಪಾಲುದಾರಿಕೆ ಪತ್ರದಲ್ಲಿ ಮನೆತನದ ಹೆಸರು ಮೊದಲಿಗೆ ಬಂದಿದ್ದರೆ, ನಮಗೆ ಮೂವರೂ ಒಬ್ಬರೇ ಎಂದು ನೋಡಿದೊಡನೆ ತಿಳಿಯುತ್ತದೆ, ಆದರೆ ಹೊರಗಿನ ಓದುಗರಿಗೆ ಅವರು ಮೂವರಾಗಿ ಕಾಣಬಹುದು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವವರಿಗಂತೂ ವಿಮಾನದ ಟಿಕೆಟ್ ಮಾಡಿಸುವಾಗಲೇ ತಕರಾರು ಶುರುವಾಗುತ್ತದೆ. ಬ್ಯಾಂಕ್ ಮತ್ತು ವ್ಯವಹಾರದ ದಾಖಲೆಗಳನ್ನು ಪಾಸ್‌ಪೋರ್ಟಿಗೆ ಹೊಂದಿಸಿಕೊಳ್ಳುವುದು ಉತ್ತಮ. ಸಮಯವಿಲ್ಲದಿದ್ದರೆ ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವನ್ನಾದರೂ ಇಂಗ್ಲಿಷಿನಲ್ಲಿ ಸೇರಿಸಿ. ಕನ್ನಡದಲ್ಲಿರುವ ದಾಖಲೆಗಳ ಅನುವಾದವೂ ಬೇಕಾಗುತ್ತದೆ.

ಉಳಿದ ಷರತ್ತುಗಳು ಲೆಕ್ಕದವು, ಚರ್ಚೆಗೆ ಎಡೆಯಿಲ್ಲದವು. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು, ಶೆಂಗೆನ್ ವಲಯದಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿದ್ದು, ತುರ್ತು ಚಿಕಿತ್ಸೆ ಮತ್ತು ಸ್ವದೇಶಕ್ಕೆ ಮರಳಿ ಸಾಗಿಸುವ ವೆಚ್ಚವನ್ನು ಇಡೀ ಶೆಂಗೆನ್ ವಲಯದಲ್ಲಿ ಭರಿಸುವಂತಿರಬೇಕು. ವೀಸಾ ಶುಲ್ಕ 2024ರ ಜೂನ್ 11ರಿಂದ 80 ಯೂರೊದಿಂದ 90 ಯೂರೊಗೆ ಏರಿದೆ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ, ವೀಸಾ ಸಿಗದಿದ್ದರೆ ಯಾವುದೂ ವಾಪಸಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಸಲ್ಲಿಸುವಂತಿಲ್ಲ, ಸಾಮಾನ್ಯವಾಗಿ 15 ದಿನಗಳಿಗಿಂತ ತಡವಾಗಿಯೂ ಸಲ್ಲಿಸುವಂತಿಲ್ಲ. ನಿರ್ಧಾರಕ್ಕೆ 15 ದಿನಗಳ ಕಾಲಾವಕಾಶವಿದ್ದು, ಹೆಚ್ಚಿನ ಪರಿಶೀಲನೆ ಬೇಕಾದರೆ ಅದು 45 ದಿನಗಳವರೆಗೆ ಹಿಗ್ಗಬಹುದು. ದೊಡ್ಡ ಮೇಳಗಳ ಮುಂಚಿನ ವಾರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಎರಡು ಮೂರು ತಿಂಗಳ ಮೊದಲೇ ಅರ್ಜಿ ಹಾಕುವುದು ವಿವೇಕ. ಬೆರಳಚ್ಚು ಕೊಡಲು ಖುದ್ದಾಗಿ ಹೋಗಲೇಬೇಕು, ಆದರೆ ಒಮ್ಮೆ ಕೊಟ್ಟದ್ದನ್ನು 59 ತಿಂಗಳ ಕಾಲ ಮರುಬಳಕೆ ಮಾಡಲು ನಿಯಮದಲ್ಲಿ ಅವಕಾಶವಿದೆ. ಮರಳು, ಲೋಹ, ಗ್ರೈಂಡಿಂಗ್ ಚಕ್ರಗಳ ನಡುವೆ ವರ್ಷಗಟ್ಟಲೆ ದುಡಿದವರ ಬೆರಳ ಗೆರೆಗಳು ಸವೆದಿರುತ್ತವೆ. ಹತ್ತೂ ಬೆರಳಿನ ಅಚ್ಚು ಸಿಗದಿದ್ದರೆ ಸಿಕ್ಕಷ್ಟನ್ನು ತೆಗೆದುಕೊಳ್ಳಬೇಕೆಂದು ಸಂಹಿತೆ ಹೇಳುತ್ತದೆ, ಆದ್ದರಿಂದ ಅದೊಂದೇ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ.

ವೀಸಾ ನಿರಾಕರಣೆಯಾದರೆ ಕಾರಣಗಳಿಗೆ ಗುರುತು ಹಾಕಿದ ಒಂದು ನಿಗದಿತ ನಮೂನೆ ಕೈಗೆ ಬರುತ್ತದೆ. ಪ್ರವಾಸದ ಉದ್ದೇಶಕ್ಕೆ ಕೊಟ್ಟ ಸಮರ್ಥನೆ ನಂಬುವಂತಿಲ್ಲ ಎಂಬುದು ಒಂದು ಕಾರಣ, ಅವಧಿ ಮುಗಿಯುವ ಮೊದಲು ಹಿಂದಿರುಗುವ ಬಗ್ಗೆ ಸಂದೇಹವಿದೆ ಎಂಬುದು ಇನ್ನೊಂದು. ಜರ್ಮನಿಯ ವಿಷಯದಲ್ಲಿ ಹಿಂದೆ ಅದೇ ಕಾನ್ಸುಲೇಟಿಗೆ ಮರುಪರಿಶೀಲನೆಯ ಮನವಿಯನ್ನು ಶುಲ್ಕವಿಲ್ಲದೆ ಸಲ್ಲಿಸಬಹುದಿತ್ತು. 2025ರ ಜುಲೈ 1ರಿಂದ ಆ ಪದ್ಧತಿಯನ್ನು ಎಲ್ಲ ದೇಶಗಳಲ್ಲಿಯೂ ರದ್ದುಮಾಡಲಾಗಿದೆ. ಈಗ ಉಳಿದಿರುವ ದಾರಿ ಎರಡು: ಬರ್ಲಿನ್‌ನ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡುವುದು, ಇಲ್ಲವೆ ಶುಲ್ಕ ತೆತ್ತು ಹೊಸ ಅರ್ಜಿ ಸಲ್ಲಿಸುವುದು. ಹತ್ತು ದಿನದ ಪ್ರವಾಸಕ್ಕಾಗಿ ಬರ್ಲಿನ್‌ನಲ್ಲಿ ವಕೀಲರನ್ನು ಹಿಡಿಯುವವರು ಅಪರೂಪ. ಆದರೆ ಹೊಸ ಅರ್ಜಿಯೆಂದರೆ ಹಳೆಯ ಕಾಗದಗಳ ಇನ್ನೊಂದು ಪ್ರತಿಯಲ್ಲ. ನಮೂನೆಯಲ್ಲಿ ಗುರುತಾಗಿರುವ ಕಾರಣಕ್ಕೆ ನೇರವಾಗಿ ಉತ್ತರ ಕೊಡುವ ಹೊಸ ದಾಖಲೆ ಇಲ್ಲದಿದ್ದರೆ ಫಲಿತಾಂಶವೂ ಹಳೆಯದೇ ಆಗುತ್ತದೆ. ನಿರಾಕರಣೆಯ ವಿವರ ಐದು ವರ್ಷ ಶೆಂಗೆನ್ ದೇಶಗಳ ಸಾಮಾನ್ಯ ವೀಸಾ ದತ್ತಾಂಶದಲ್ಲಿ ಉಳಿಯುವುದರಿಂದ, ಜರ್ಮನಿ ಬೇಡವೆಂದದ್ದನ್ನು ಮುಚ್ಚಿಟ್ಟು ಇಟಲಿಗೆ ಅರ್ಜಿ ಹಾಕುವ ಲೆಕ್ಕಾಚಾರ ಫಲಿಸುವುದಿಲ್ಲ.

ವೀಸಾ ಸಿಕ್ಕ ಮೇಲೆ ಆ ಚೀಟಿಯನ್ನು ಓದಲು ಕಲಿಯಬೇಕು. ಅದರಲ್ಲಿ ಎರಡು ದಿನಾಂಕಗಳಿರುತ್ತವೆ, ಜೊತೆಗೆ ತಂಗಬಹುದಾದ ದಿನಗಳ ಸಂಖ್ಯೆ ಬೇರೆಯಾಗಿ ಇರುತ್ತದೆ. ಜೂನ್ 15ರಿಂದ ಜುಲೈ 10 ಎಂದು ಅವಧಿಯಿದ್ದು, ದಿನಗಳ ಜಾಗದಲ್ಲಿ 10 ಎಂದಿದ್ದರೆ, ಆ ಅವಧಿಯೊಳಗೆ ಯಾವುದೇ ಹತ್ತು ದಿನ ಇರಬಹುದು ಎಂದರ್ಥ, ಜುಲೈ 10ರವರೆಗೂ ಇರಬಹುದು ಎಂದಲ್ಲ. ಪ್ರಯಾಣ ಹಿಂದುಮುಂದಾದರೆ ಇರಲಿ ಎಂದು ಅವಧಿಯನ್ನು ಕೆಲವು ದಿನ ಹೆಚ್ಚಿಗೆ ಕೊಟ್ಟಿರುತ್ತಾರೆ, ಅಷ್ಟೆ. ಇಳಿದ ದಿನ ಮತ್ತು ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ; ರಾತ್ರಿ ಹನ್ನೊಂದೂವರೆಗೆ ಗಡಿ ದಾಟಿದರೂ ಅದು ಒಂದು ಪೂರ್ಣ ದಿನವೇ. ಪದೇಪದೇ ಹೋಗುವವರಿಗೆ 180 ದಿನಗಳಲ್ಲಿ 90 ಎಂಬ ಮಿತಿ ಅನ್ವಯಿಸುತ್ತದೆ. ಇದು ಕ್ಯಾಲೆಂಡರಿನ ಆರು ತಿಂಗಳಲ್ಲ. ಅಲ್ಲಿರುವ ಪ್ರತಿ ದಿನವೂ ಹಿಂದಕ್ಕೆ 180 ದಿನ ಎಣಿಸಿ ನೋಡಬೇಕು. ಮಾರ್ಚ್ 1ರಿಂದ ಮೇ 29ರವರೆಗೆ ಬಿಡದೆ ಇದ್ದವರು 90 ದಿನ ಮುಗಿಸಿರುತ್ತಾರೆ; ಅವರು ಮತ್ತೆ ಕಾಲಿಡಬಹುದಾದ ಮೊದಲ ದಿನ ಆಗಸ್ಟ್ 28. ನಡುವೆ ಹೊಸ ವೀಸಾ ಬಂದರೂ ಈ ಎಣಿಕೆ ಹೊಸದಾಗುವುದಿಲ್ಲ.

ವೀಸಾ ಇರುವುದು ಪ್ರವೇಶದ ಹಕ್ಕಲ್ಲ ಎಂಬುದನ್ನೂ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಗಡಿಯ ಅಧಿಕಾರಿ ಅದೇ ಮೂರು ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಬಹುದು. ಆಹ್ವಾನ ಪತ್ರ, ಹೋಟೆಲ್ ಬುಕಿಂಗ್, ವಿಮೆ ಮತ್ತು ವಾಪಸಾಗುವ ಟಿಕೆಟ್‌ಗಳ ಮುದ್ರಿತ ಪ್ರತಿಗಳು ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಿದ ಸೂಟ್‌ಕೇಸಿನಲ್ಲಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿನ ಮೇಲಿನ ಮುದ್ರೆಯ ಬದಲು ಪ್ರವೇಶ ಮತ್ತು ನಿರ್ಗಮನದ ದಿನಾಂಕಗಳನ್ನು ಮುಖದ ಚಿತ್ರದೊಂದಿಗೆ ಗಣಕದಲ್ಲಿ ದಾಖಲಿಸುತ್ತಾರೆ. ಒಂದು ದಿನ ಹೆಚ್ಚಿಗೆ ಉಳಿದರೂ ಮುದ್ರೆ ಮಸುಕಾಗಿದೆ ಎಂದು ಪಾರಾಗುವ ಕಾಲ ಮುಗಿಯಿತು. ವಲಯದೊಳಗಿನ ಗಡಿಗಳಲ್ಲಿ ತಪಾಸಣೆಯೇ ಇಲ್ಲವೆಂದು ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್ 16ರಂದು ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿಯೂ ತಪಾಸಣೆ ಆರಂಭಿಸಿ, ಮುಂದೆ ಅದನ್ನು ಹಲವು ಬಾರಿ ವಿಸ್ತರಿಸಿದೆ.

ಮನುಷ್ಯರ ಗಡಿ ಬೇರೆ, ಸರಕಿನ ಗಡಿ ಬೇರೆ. ಸ್ಯಾಂಪಲ್‌ಗಳನ್ನು ಮತ್ತು ಪ್ರದರ್ಶನದ ವಸ್ತುಗಳನ್ನು ಒಯ್ದು ಮರಳಿ ತರುವವರಿಗೆ ಎಟಿಎ ಕ್ಯಾರ್ನೆ ಎಂಬ ದಾಖಲೆ ಅನುಕೂಲಕರ. ಭಾರತದಲ್ಲಿ ಇದನ್ನು ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳ ಒಕ್ಕೂಟವಾದ ಫಿಕ್ಕಿ ನೀಡುತ್ತದೆ. ಒಂದು ವರ್ಷದವರೆಗೆ ಚಾಲ್ತಿಯಲ್ಲಿರುವ ಇದರ ಆಧಾರದ ಮೇಲೆ ಸುಂಕ ಕಟ್ಟದೆ ವಸ್ತುಗಳನ್ನು ತಾತ್ಕಾಲಿಕವಾಗಿ ಒಯ್ಯಬಹುದು, ಆದರೆ ಭದ್ರತಾ ಮೊತ್ತ ಇಡಬೇಕು, ಹೋಗುವಾಗ ಬರುವಾಗ ಎರಡೂ ಕಡೆಯ ಕಸ್ಟಮ್ಸ್ ಮುದ್ರೆ ಬೀಳಬೇಕು, ಮತ್ತು ಒಯ್ದದ್ದನ್ನು ಅಲ್ಲಿ ಮಾರಿಬಿಡುವಂತಿಲ್ಲ. ಸ್ವಿಟ್ಜರ್‌ಲೆಂಡಿಗೆ ಹೋಗಲು ನಿಮಗೆ ಬೇರೆ ವೀಸಾ ಬೇಡ, ಆದರೆ ನಿಮ್ಮ ಸ್ಯಾಂಪಲ್ ಪೆಟ್ಟಿಗೆಗೆ ಅದು ಬೇರೆಯೇ ಕಸ್ಟಮ್ಸ್ ಪ್ರದೇಶ.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ದೇಶಗಳಿಗೆ ಹೋಗುವಾಗ ನೋಟುಗಳ ರೂಪದಲ್ಲಿ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದಷ್ಟು ಮಾತ್ರ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಬೇಕು. ಕಂಪನಿ ತನ್ನ ನೌಕರನನ್ನು ತನ್ನ ಖರ್ಚಿನಲ್ಲಿ ಕಳುಹಿಸಿದರೆ ಆ ವೆಚ್ಚ, ವ್ಯಕ್ತಿಯೊಬ್ಬರು ವಿದೇಶಕ್ಕೆ ಕಳುಹಿಸಲು ಅಥವಾ ಅಲ್ಲಿ ಖರ್ಚು ಮಾಡಲು ಇರುವ ವಾರ್ಷಿಕ 2,50,000 ಡಾಲರ್ ಮಿತಿಗೆ ಸೇರುವುದಿಲ್ಲ. ಸ್ವಂತ ಮಾಲೀಕತ್ವದ ಘಟಕ ನಡೆಸುವವರಿಗೆ ಮಾಲೀಕರೂ ಘಟಕವೂ ಒಂದೇ ಆದ್ದರಿಂದ ಆ ಮಿತಿ ಅನ್ವಯಿಸುತ್ತದೆ. ಉಳಿದ ವಿದೇಶಿ ಹಣದಲ್ಲಿ 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಂಡು, ಹೆಚ್ಚಿನದನ್ನು ಮರಳಿ ಬಂದ 180 ದಿನಗಳೊಳಗೆ ಒಪ್ಪಿಸಬೇಕು. ಯುರೋಪಿಗೆ 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚು ನಗದು ಒಯ್ಯುವವರು ಅಲ್ಲಿನ ಕಸ್ಟಮ್ಸ್‌ಗೆ ಘೋಷಿಸಬೇಕು, ಆದರೆ ನಮ್ಮ ನಿಯಮ ಪಾಲಿಸಿದವರಿಗೆ ಆ ಸಂದರ್ಭ ಸಾಮಾನ್ಯವಾಗಿ ಬಾರದು.

ಕೊನೆಯದಾಗಿ, ಎರಡನೆಯ ಮತ್ತು ಮೂರನೆಯ ಬಾರಿ ಹೋಗುವವರಿಗೆ ಸಂಬಂಧಿಸಿದ ಸಂಗತಿ. ಭಾರತದಲ್ಲಿ ನೆಲೆಸಿರುವ ಭಾರತೀಯರಿಗಾಗಿ ಯುರೋಪಿಯನ್ ಆಯೋಗ 2024ರ ಏಪ್ರಿಲ್‌ನಲ್ಲಿ ವಿಶೇಷ ನಿಯಮವೊಂದನ್ನು ಅಂಗೀಕರಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ಶೆಂಗೆನ್ ವೀಸಾಗಳನ್ನು ಪಡೆದು ನಿಯಮಬದ್ಧವಾಗಿ ಬಳಸಿದವರು ಎರಡು ವರ್ಷ ಚಾಲ್ತಿಯಲ್ಲಿರುವ, ಎಷ್ಟು ಬಾರಿಯಾದರೂ ಪ್ರವೇಶಿಸಬಹುದಾದ ವೀಸಾಕ್ಕೆ ಅರ್ಹರಾಗುತ್ತಾರೆ. ಅದರ ನಂತರ ಸಾಮಾನ್ಯವಾಗಿ ಐದು ವರ್ಷದ್ದು ಸಿಗುತ್ತದೆ. ಅಂಥ ವೀಸಾ ಇದ್ದರೂ 180 ದಿನಗಳಲ್ಲಿ 90ರ ಮಿತಿ ಇದ್ದೇ ಇರುತ್ತದೆ, ಉದ್ಯೋಗದ ಹಕ್ಕೂ ಬರುವುದಿಲ್ಲ. ಈ ಸೌಲಭ್ಯ ಪಾಸ್‌ಪೋರ್ಟಿನಲ್ಲಿ ಉಳಿದಿರುವ ಅವಧಿಯನ್ನು ಅವಲಂಬಿಸಿದೆ. ಒಂದೂವರೆ ವರ್ಷ ಮಾತ್ರ ಉಳಿದಿರುವ ಪಾಸ್‌ಪೋರ್ಟಿನ ಮೇಲೆ ಐದು ವರ್ಷದ ವೀಸಾ ನಿರೀಕ್ಷಿಸಲಾಗದು. ಆದ್ದರಿಂದ ಅರ್ಹತೆ ಬಂದಿರುವವರು ಅರ್ಜಿಗೆ ಮೊದಲು ಪಾಸ್‌ಪೋರ್ಟನ್ನು ನವೀಕರಿಸಿಕೊಂಡು, ಆಗಲೇ 36 ಪುಟಗಳ ಬದಲು 60 ಪುಟಗಳದ್ದನ್ನು ಕೇಳಿ ಪಡೆದು, ಹಳೆಯ ಪಾಸ್‌ಪೋರ್ಟಿನಲ್ಲಿರುವ ವೀಸಾ ಮತ್ತು ಪ್ರವೇಶ, ನಿರ್ಗಮನದ ಮುದ್ರೆಗಳ ಪುಟಗಳ ಪ್ರತಿಗಳನ್ನು ಹೊಸ ಅರ್ಜಿಗೆ ಲಗತ್ತಿಸಬೇಕು.